ಪ್ರಾಯದೊಡನೆ ಪಂದ್ಯ



ಮನುಷ್ಯನು ತನ್ನ ಜೀವಮಾನದಲ್ಲಿ ಹೂಡುವ ವ್ಯಾಜ್ಯಗಳು ಹಲವು. ನೆರೆಯವನೊಡನೆ ಬೇಲಿಗಾಗಿ, ದಾಯಾದಿಯೊಡನೆ ಹೊಲಕ್ಕಾಗಿ, ಸರ್ಕಾರದೊಡನೆ ಕಂದಾಯಕ್ಕಾಗಿ ಅವನು ಹೋರಾಡುವುದುಂಟು. ಇವೆಲ್ಲಕ್ಕಿಂತಲೂ ವಿಚಿತ್ರವಾದ ವ್ಯಾಜ್ಯವೊಂದಿದೆ. ಅದರಲ್ಲಿ ವಾದಿಯೂ ಅವನೇ, ಪ್ರತಿವಾದಿಯೂ ಅವನೇ. ಇಪ್ಪತ್ತರ ಪ್ರಾಯದಲ್ಲಿ ಇಷ್ಟು ದೂರವನ್ನು ಇಷ್ಟು ನಿಮಿಷಗಳಲ್ಲಿ ಓಡಿದ್ದವನು, ನಲವತ್ತು ದಾಟಿ, ತಲೆಯಲ್ಲಿ ನರೆಯೂ ಸೊಂಟದಲ್ಲಿ ಬೊಜ್ಜೂ ಕಾಣಿಸಿಕೊಂಡ ಮೇಲೆ, ಆ ಕಾಲವನ್ನು ಮೀರಿಸುತ್ತೇನೆಂದು ಟೊಂಕ ಕಟ್ಟುತ್ತಾನೆ. ಈ ಸಾಹಸವು ಬರಿಯ ಹುಚ್ಚೇ, ಅಥವಾ ಅದರಲ್ಲಿ ಏನಾದರೂ ಅರ್ಥವಿದೆಯೇ ಎಂಬುದನ್ನು ಈ ದಿನ ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಈ ವ್ಯಾಜ್ಯದ ಕಕ್ಷಿಗಾರರಲ್ಲಿ ನಾನೂ ಒಬ್ಬನಾದುದರಿಂದ ನನ್ನ ಮಾತು ಪೂರ್ಣವಾಗಿ ನಿಷ್ಪಕ್ಷಪಾತವೆಂದು ತಾವು ಭಾವಿಸಬೇಕಾಗಿಲ್ಲ.

ಕಳೆದ ಪ್ರಾಯವನ್ನು ಮರಳಿ ಪಡೆಯುವ ಆಸೆ ಹೊಸದಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡರಿದ ಯಯಾತಿಯು ತನ್ನ ಮಕ್ಕಳೆದುರಿಗೇ ಕೈಯೊಡ್ಡಿದನು. ಕಿರಿಯನಾದ ಪೂರುವು ತನ್ನ ಯೌವನವನ್ನು ಕೊಟ್ಟನು. ಸಾವಿರ ವರ್ಷ ಭೋಗಿಸಿದ ಮೇಲೆ, ಭೋಗದಿಂದ ತೃಪ್ತಿಯುಂಟಾಗದೆಂದರಿತು ರಾಜನು ಅದನ್ನು ಹಿಂದಿರುಗಿಸಿದನು. ನಮ್ಮ ಓಟಗಾರನಿಗೂ ಯಯಾತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇವನು ಯೌವನವನ್ನು ಯಾರಿಂದಲೂ ಎರವಲು ಬೇಡುವುದಿಲ್ಲ. ತನ್ನ ನಡುವಯಸ್ಸನ್ನೇ ಇಟ್ಟುಕೊಂಡು, ಅದರ ಮೊಣಕಾಲು ನೋವಿನೊಡನೆಯೇ, ಹಿಂದಿನ ತನ್ನನ್ನು ಹಿಂದೆ ಹಾಕಲೆಳಸುತ್ತಾನೆ.

ಮೊದಲು ದೇಹದ ಜಮಾಖರ್ಚನ್ನು ನೋಡೋಣ. ದೂರದ ಓಟಕ್ಕೆ ಮುಖ್ಯವಾದ ಬಂಡವಾಳವೆಂದರೆ ಉಸಿರಿನಿಂದ ಬಂದ ಆಮ್ಲಜನಕವನ್ನು ಸ್ನಾಯುಗಳು ನಿಮಿಷಕ್ಕೆ ಎಷ್ಟರಮಟ್ಟಿಗೆ ಬಳಸಿಕೊಳ್ಳಬಲ್ಲವೆಂಬುದು. 1922ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಆಂಗ್ಲ ವಿಜ್ಞಾನಿ ಎ. ವಿ. ಹಿಲ್ ಅವರು ಈ ವಿಷಯವನ್ನು ಶೋಧಿಸಿದಾಗ ಇತರರನ್ನು ಓಡಿಸಿ ತಾವು ನೆರಳಿನಲ್ಲಿ ಕುಳಿತಿರಲಿಲ್ಲ. ಮೂವತ್ತೈದು ದಾಟಿದ್ದ ತಾವೇ ಓಡಿ, ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು ಅಳೆದರು. ಈ ಶಕ್ತಿಯು ಮೂವತ್ತರ ಆಚೆಗೆ, ಕುಳಿತು ಬಾಳುವವರಲ್ಲಿ, ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 10ರಷ್ಟು ಕುಗ್ಗುತ್ತದೆಂದು ತಿಳಿದುಬಂದಿದೆ. ಬಿಡದೆ ಸಾಧನೆ ಮಾಡುವವರಲ್ಲಿ ಈ ನಷ್ಟವು ಹೆಚ್ಚು ಕಡಮೆ ಅರ್ಧಕ್ಕಿಳಿಯುತ್ತದೆ. ಹೃದಯದ ಬಡಿತಕ್ಕೂ ಒಂದು ಮೇರೆಯುಂಟು. ರೂಢಿಯಲ್ಲಿರುವ ಒಂದು ಸೂತ್ರದ ಪ್ರಕಾರ, 208ರಿಂದ ವಯಸ್ಸಿನ ಹತ್ತನೆಯ ಏಳು ಪಾಲನ್ನು ಕಳೆದರೆ ಆ ಮೇರೆ ಸರಿಸುಮಾರಾಗಿ ದೊರೆಯುತ್ತದೆ. 21 ವರ್ಷದವನಿಗೆ ಅದು ನಿಮಿಷಕ್ಕೆ 193. 46 ವರ್ಷದವನಿಗೆ 176. ಈ ಹದಿನೇಳು ಬಡಿತಗಳನ್ನು ಯಾವ ವ್ಯಾಯಾಮವೂ, ಯಾವ ಲೇಹ್ಯವೂ ಮರಳಿ ತರಲಾರದು.

ಇಷ್ಟನ್ನು ಕೇಳಿದವರು, ಹಾಗಾದರೆ ಪಂದ್ಯವು ಆರಂಭಕ್ಕೆ ಮುಂಚೆಯೇ ಮುಗಿಯಿತಲ್ಲವೇ ಎಂದಾರು. ಜಗದ್ವಿಖ್ಯಾತ ಓಟಗಾರರ ವಿಷಯದಲ್ಲಿ ಅದು ನಿಜ. ಐರ್ಲೆಂಡಿನ ಏಮನ್ ಕಾಗ್‌ಲನ್ ಎಂಬಾತನು 1983ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಒಳಾಂಗಣದಲ್ಲಿ ಒಂದು ಮೈಲಿಯನ್ನು 3 ನಿಮಿಷ 49.78 ಸೆಕೆಂಡುಗಳಲ್ಲಿ ಓಡಿದ್ದನು. 1994ರಲ್ಲಿ, 41ನೆಯ ವಯಸ್ಸಿನಲ್ಲಿ, ಅದೇ ದೂರವನ್ನು 3 ನಿಮಿಷ 58.15 ಸೆಕೆಂಡುಗಳಲ್ಲಿ ಮುಗಿಸಿ, ನಲವತ್ತರ ಮೇಲೆ ನಾಲ್ಕು ನಿಮಿಷದೊಳಗೆ ಮೈಲಿಯನ್ನು ಓಡಿದವರಲ್ಲಿ ಮೊದಲಿಗನೆಂಬ ಕೀರ್ತಿಯನ್ನು ಪಡೆದನು. ಲೋಕವೆಲ್ಲ ಕೊಂಡಾಡಿದ ಆ ದಿನವೂ ಅವನು ತನ್ನ ಹಳೆಯ ಕಾಲಕ್ಕಿಂತ ಎಂಟು ಸೆಕೆಂಡಿಗೂ ಹೆಚ್ಚು ಹಿಂದೆ ಇದ್ದನೆಂಬುದನ್ನು ಗಮನಿಸಬೇಕು.

ಕಾಗ್‌ಲನ್‌ನಿಗೆ ಇಲ್ಲದ ಒಂದು ಸೌಲಭ್ಯವು ನಮ್ಮಂಥ ಸಾಮಾನ್ಯರಿಗಿದೆ. ಈ ಭಾಷಣದ ತಾತ್ಪರ್ಯವೂ ಅದೇ. ಮಹಾ ಓಟಗಾರನ ಯೌವನದ ಕಾಲವು ಅವನ ದೇಹಶಕ್ತಿಯ ಶಿಖರ. ವರ್ಷಗಟ್ಟಳೆ ತಪಸ್ಸಿನಿಂದ ಅವನು ಅದನ್ನೇರಿದವನು. ಸಾಮಾನ್ಯನ ಯೌವನದ ಕಾಲವು ಶಿಖರವಲ್ಲ, ತಪ್ಪಲು. ಕಾಲೇಜಿನ ವಾರ್ಷಿಕ ಕ್ರೀಡೆಯ ದಿನ ಸ್ನೇಹಿತರ ಬಲವಂತಕ್ಕೆ, ಅಭ್ಯಾಸವಿಲ್ಲದೆ, ಆಗತಾನೆ ಇಡ್ಲಿ ತಿಂದು, ಬರಿಗಾಲಿನಲ್ಲಿ ಓಡಿದ ಓಟ ಅದು. ಅವನು ಅಂದು ಓಡಬಹುದಾಗಿದ್ದ ವೇಗವು ಯಾರಿಗೂ ಗೊತ್ತಾಗಲೇ ಇಲ್ಲ. ಆದಕಾರಣ ಅಲಕ್ಷ್ಯದಿಂದ ಯೌವನವನ್ನು ಕಳೆದವನಿಗೆ ಮಾತ್ರ ಅದನ್ನು ಮೀರಿಸುವ ಅವಕಾಶ ಉಳಿದಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಗೆ ದೇಹವು ಪೂರ್ಣವಾಗಿ ಕಟ್ಟುಬಿದ್ದಿಲ್ಲ. ಅಭ್ಯಾಸವಿಲ್ಲದವನು ಕೆಲವು ತಿಂಗಳು ಕ್ರಮವಾಗಿ ಸಾಧಿಸಿದರೆ ಅವನ ಆಮ್ಲಜನಕದ ಬಂಡವಾಳವು ನೂರಕ್ಕೆ 15ರಿಂದ 20ರವರೆಗೆ ಹೆಚ್ಚುವುದುಂಟು. ದೇಹದ ತೂಕವಿಳಿದರೆ ಅದೂ ಲಾಭವೇ.

ನನ್ನ ಸ್ವಂತ ದಾಖಲೆ ಬಹಳ ವಿನಯಶೀಲವಾದದ್ದು. 21ನೆಯ ವಯಸ್ಸಿನಲ್ಲಿ 5 ಕಿಲೋಮೀಟರನ್ನು 23 ನಿಮಿಷ 40 ಸೆಕೆಂಡುಗಳಲ್ಲಿ ಓಡಿ ಏಳನೆಯವನಾಗಿ ಬಂದೆನು. ಕಳೆದ ವರ್ಷ ಹುಣಸೂರಿನಲ್ಲಿ ಪುನಃ ಓಡತೊಡಗಿದಾಗ ಅದೇ ದೂರಕ್ಕೆ 31 ನಿಮಿಷ ಬೇಕಾಯಿತು. ಈಗ 24 ನಿಮಿಷ 25 ಸೆಕೆಂಡಿಗೆ ಬಂದಿದೆ. ಎಂಟು ಕಿಲೋಗ್ರಾಂ ತೂಕ ಹೋಗಿದೆ. ಉಳಿದಿರುವುದು 45 ಸೆಕೆಂಡು, ಕಿಲೋಮೀಟರಿಗೆ ಒಂಬತ್ತು.

ನಮ್ಮ ಸೀಮೆಯು ಇದಕ್ಕೆ ಒಳ್ಳೆಯ ಗರಡಿ. ಕೃಷ್ಣರಾಜನಗರದ ಕಡೆಯ ಗದ್ದೆಬಯಲಿನಲ್ಲಿ ನಾಲೆಯ ಏರಿಯ ಮೇಲೆ ನೆಲ ಸಮತಟ್ಟಾಗಿದ್ದು, ಕಾಲವನ್ನು ಅಳೆದು ಓಡುವುದಕ್ಕೆ ಅನುಕೂಲ. ಹೆಗ್ಗಡದೇವನಕೋಟೆಯ ದಾರಿಯ ಏರಿಳಿತಗಳು ತೊಡೆಗೆ ಬಲ ಕೊಡುತ್ತವೆ. ಆದರೆ ನಾಗರಹೊಳೆ ಕಾಡಿನಂಚಿನಲ್ಲಿ ಬೆಳಕು ಹರಿಯುವ ಮುನ್ನ ಓಡುವುದು ವಿವೇಕವಲ್ಲ. ಆನೆ ಬೆನ್ನಟ್ಟಿದರೆ ಯಾವ ವಯಸ್ಸಿನವನಾದರೂ ತನ್ನ ದಾಖಲೆಯನ್ನು ಮುರಿದಾನು; ಗಡಿಯಾರ ಹಿಡಿದು ನಿಲ್ಲುವವರು ಮಾತ್ರ ಸಿಕ್ಕಲಾರರು. ಪಿರಿಯಾಪಟ್ಟಣದ ಕಡೆಗೆ ಮಳೆಗಾಲದಲ್ಲಿ ಹೋದರೆ, ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್ನುಗಳ ಕಟುವಾಸನೆ ಗಾಳಿಯಲ್ಲೆಲ್ಲ ತುಂಬಿರುತ್ತದೆ. ಶ್ವಾಸಕೋಶದ ಉದ್ಧಾರಕ್ಕೆಂದು ಹೊರಟವನಿಗೆ ಇದಕ್ಕಿಂತ ಹಾಸ್ಯದ ಸನ್ನಿವೇಶ ಬೇಕೇ?

ಒಂದು ಬೆಳಗ್ಗೆ ಹೊಲದ ಬದುವಿನ ಮೇಲಿದ್ದ ವೃದ್ಧೆಯೊಬ್ಬಳು ನನ್ನನ್ನು ತಡೆದು ಕೇಳಿದಳು: “ಯಾಕಪ್ಪಾ ಮೇಷ್ಟ್ರೇ ಇಂಗೋಡ್ತೀಯೆ? ಯಾರಾರ ಅಟ್ಟುಸ್ಕೊಂಡ್ ಬತ್ತಾವ್ರಾ?” ಇಲ್ಲವೆಂದೆ. ಅವಳು ನನ್ನ ಹಿಂದಿನ ದಾರಿಯನ್ನೊಮ್ಮೆ ನೋಡಿ, ಕುಡುಗೋಲನ್ನು ಎತ್ತಿಕೊಂಡು ಕೆಲಸಕ್ಕೆ ತಿರುಗಿದಳು. ದಿನವಿಡೀ ಬಗ್ಗಿ ಏಳುವ ಅವಳಿಗೆ ಇಂಥ ಓಟ ಬೇಕಿಲ್ಲ. ಕುಳಿತು ಸಂಬಳ ಪಡೆಯುವ ನಮ್ಮಂಥವರಿಗೆ ಬಂದೊದಗಿದ ಅಗತ್ಯವಿದು.

ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಪೂರ್ಣವಾಗಿರಲಿಲ್ಲ. ನಮ್ಮ ತಂದೆಯವರು 52ನೆಯ ವಯಸ್ಸಿನಲ್ಲಿ, ಶಾಲೆಯಿಂದ ಮನೆಗೆ ಬಂದ ಒಂದು ಸಂಜೆ, ಹೃದಯಾಘಾತದಿಂದ ತೀರಿಕೊಂಡರು. ನನಗೀಗ 46. ಮುಂದೆ ಒಬ್ಬ ಹುಡುಗ ಓಡುತ್ತಿದ್ದಾನೆ, ಹಿಂದೆ ಆರು ವರ್ಷಗಳ ಲೆಕ್ಕವೊಂದು ಬರುತ್ತಿದೆ. ಆದುದರಿಂದಲೇ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳದೆ ನಾನು ಮೊದಲ ಹೆಜ್ಜೆಯನ್ನಿಡಲಿಲ್ಲ. ಮೊದಲ ಮೂರು ತಿಂಗಳು ನಡೆಯುವುದನ್ನೇ ಹೆಚ್ಚು ಮಾಡಿದೆನು. ನನ್ನ ವಯಸ್ಸಿನ ಶ್ರೋತೃಗಳಲ್ಲಿ ಯಾರಾದರೂ ಹಳೆಯ ಬೂಟುಗಳನ್ನು ಹುಡುಕುತ್ತಿದ್ದರೆ, ಈ ಕ್ರಮವನ್ನು ಅವರು ಬಿಡಬಾರದೆಂದು ಪ್ರಾರ್ಥಿಸುತ್ತೇನೆ. ಹೃದಯದ ಮಾತು ಹಾಗಿರಲಿ, ಮೀನಖಂಡವೂ ಹಿಮ್ಮಡಿಯ ಸ್ನಾಯುರಜ್ಜುವೂ ಆತುರಗಾರನನ್ನು ಕ್ಷಮಿಸುವುದಿಲ್ಲ.

ಈ ಪಂದ್ಯಕ್ಕೆ ಅವಧಿಯೂ ಉಂಟು. ಅಭ್ಯಾಸದ ಗೆರೆ ಮೇಲೇರುತ್ತಿದೆ, ವಯಸ್ಸಿನ ಗೆರೆ ಕೆಳಗಿಳಿಯುತ್ತಿದೆ. ಮೊದಲ ವರ್ಷದ ಏರಿಕೆ ಎರಡನೆಯ ವರ್ಷಕ್ಕಿರುವುದಿಲ್ಲ, ಇಳಿತವಾದರೋ ನಿಲ್ಲುವುದಿಲ್ಲ. ಎರಡು ಗೆರೆಗಳ ನಡುವೆ ಬಾಗಿಲು ಒಂದೆರಡು ವರ್ಷ ತೆರೆದಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಬರುವ ಮಾಗಿಯ ಚಳಿಯಲ್ಲಿ, ಅಳತೆ ಮಾಡಿಸಿದ ದಾರಿಯಲ್ಲಿ, ಇಬ್ಬರು ಸಹೋದ್ಯೋಗಿಗಳ ಸಮಕ್ಷಮದಲ್ಲಿ ನಾನು ಓಡತಕ್ಕವನು. ಆ 45 ಸೆಕೆಂಡುಗಳು ದೊರೆತಾವೋ ಇಲ್ಲವೋ, ಹೇಳಲಾರೆನು. ದೊರೆಯದಿದ್ದರೂ, ಕಳೆದ ವರ್ಷ ಮಹಡಿಯ ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದ ಮನುಷ್ಯನನ್ನು ಏಳು ನಿಮಿಷದಷ್ಟು ಹಿಂದೆ ಬಿಟ್ಟಾಗಿದೆ; ಮನೆಯವರು ಲೆಕ್ಕಕ್ಕಿಟ್ಟುಕೊಂಡಿರುವುದು ಆ ಏಳು ನಿಮಿಷಗಳನ್ನೇ.