ಸಹಿ ಮಾಡುವ ಮುನ್ನ ಓದಿ ಹೇಳುವವರು: ನಿವೃತ್ತರ ಆರೋಗ್ಯ ವಿಮೆಯ ಆಯ್ಕೆ ಮತ್ತು ನೆರವು

ನಿವೃತ್ತರ ಆರೋಗ್ಯ ವಿಮೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪ್ರೀಮಿಯಂ, ಅಂದರೆ ವರ್ಷವರ್ಷವೂ ಕಟ್ಟಬೇಕಾದ ಕಂತು, ಎಷ್ಟೆಂಬಲ್ಲಿಯೇ ನಿಂತುಬಿಡುತ್ತದೆ. ಈ ವಿಚಾರ ಸಂಕಿರಣದ ಆಶಯವಾದರೋ ಅದಕ್ಕೂ ಹಿಂದಿನ ಪ್ರಶ್ನೆಯೊಂದರಲ್ಲಿದೆ. ಹತ್ತಾರು ಪಾಲಿಸಿಗಳ ನಡುವೆ ತಮಗೆ ತಕ್ಕದ್ದನ್ನು ಆರಿಸಿಕೊಳ್ಳಲು ಅರವತ್ತು ದಾಟಿದವರಿಗೆ, ಮಾರಾಟದಲ್ಲಿ ಪಾಲಿಲ್ಲದ ಯಾರು ನೆರವಾಗುತ್ತಿದ್ದಾರೆ ಎಂಬುದೇ ಆ ಪ್ರಶ್ನೆ.

ನಿಯಮಗಳು ಹಿರಿಯರ ಕಡೆಗೆ ಸ್ವಲ್ಪಮಟ್ಟಿಗೆ ವಾಲಿವೆ ಎಂಬುದನ್ನು ಮೊದಲೇ ಒಪ್ಪಬೇಕು. 2024ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನವರಿಗೂ ಪಾಲಿಸಿ ರೂಪಿಸುವ ಹೊಣೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳ ಮೇಲೆ ಹೊರಿಸಿದೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಬಿ.ಪಿ., ಸಕ್ಕರೆ ಕಾಯಿಲೆಯಂಥವಕ್ಕೆ ಪರಿಹಾರ ಸಿಗಲು ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿದೆ. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು ಸೂಚಿಸಿದೆ. 70 ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವನ್ನು 2024ರಲ್ಲಿ ಘೋಷಿಸಲಾಯಿತು. ಆದರೆ ಇಲ್ಲಿಯೂ ಆಯ್ಕೆಯ ತೊಡಕು ತಪ್ಪಿದ್ದಲ್ಲ: ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಲ್ಲೋ ಮಾಜಿ ಸೈನಿಕರ ಯೋಜನೆಯಲ್ಲೋ ಇರುವವರು ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು, ಆದರೆ ಖಾಸಗಿ ವಿಮೆ ಇರುವವರು ಎರಡನ್ನೂ ಇಟ್ಟುಕೊಳ್ಳಬಹುದು.

ನಿಜವಾದ ಕಷ್ಟ ಪಾಲಿಸಿಯ ಒಳಪುಟಗಳಲ್ಲಿದೆ. ಕೊಠಡಿ ಬಾಡಿಗೆಯ ಮಿತಿ ಎಂಬ ಒಂದೇ ಷರತ್ತನ್ನು ನೋಡಿದರೂ ಸಾಕು. ದಿನಕ್ಕೆ 5,000 ರೂಪಾಯಿ ಬಾಡಿಗೆಯ ಮಿತಿಯುಳ್ಳ ಪಾಲಿಸಿ ಹೊಂದಿದವರು 10,000 ರೂಪಾಯಿಯ ಕೊಠಡಿಗೆ ದಾಖಲಾದರೆ, ಕೈಯಿಂದ ಕಟ್ಟಬೇಕಾದದ್ದು ಹೆಚ್ಚುವರಿ 5,000 ಮಾತ್ರ ಎಂದು ಭಾವಿಸುವುದು ಸಹಜ. ಆದರೆ ಪ್ರಮಾಣಾನುಗುಣ ಕಡಿತವೆಂಬ ನಿಯಮ ಪಾಲಿಸಿಯಲ್ಲಿದ್ದು, ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ವಿಧಿಸುವ ಆಸ್ಪತ್ರೆ ಅದಾಗಿದ್ದರೆ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವುಗಳಲ್ಲಿಯೂ ಅರ್ಧದಷ್ಟು ಕಡಿತವಾಗುತ್ತದೆ. ಔಷಧ, ದೇಹದೊಳಗೆ ಅಳವಡಿಸುವ ಸಾಧನ, ತಪಾಸಣೆಗಳ ವೆಚ್ಚ ಈ ಕಡಿತಕ್ಕೆ ಒಳಪಡುವುದಿಲ್ಲ ಎಂಬ ರಕ್ಷಣೆ ಇದೆಯಾದರೂ, ಬಿಲ್ಲು ಕೈಗೆ ಬಂದ ಗಳಿಗೆಯಲ್ಲಿ ಅದನ್ನು ಬಿಡಿಸಿ ಹೇಳುವವರು ಅಪರೂಪ. ಇದರ ಜೊತೆಗೆ ಕೋ-ಪೇಮೆಂಟ್, ಅಂದರೆ ಪ್ರತಿ ಕ್ಲೇಮಿನಲ್ಲೂ ರೋಗಿಯೇ ಭರಿಸಬೇಕಾದ ಪಾಲು, ಸೇರಿಕೊಂಡರೆ ಕಡಿಮೆ ಪ್ರೀಮಿಯಮ್ಮಿನ ಪಾಲಿಸಿ ಆಸ್ಪತ್ರೆಯ ಕೌಂಟರಿನಲ್ಲಿ ದುಬಾರಿಯಾಗಿ ಪರಿಣಮಿಸಬಹುದು. ಕೊಳ್ಳುವಾಗಲೇ ಯಾರಾದರೂ ಪಕ್ಕದಲ್ಲಿ ಕುಳಿತು ಹೀಗೊಂದು ಲೆಕ್ಕ ಹಾಕಿ ತೋರಿಸಿದ್ದರೆ ಎಷ್ಟೋ ಕುಟುಂಬಗಳು ಠೇವಣಿ ಮುರಿಸುವ ಸಂಕಟದಿಂದ ಪಾರಾಗುತ್ತಿದ್ದವು.

ಏಜೆಂಟರು ಕಾನೂನಿನ ಪ್ರಕಾರ ಕಂಪನಿಯ ಪ್ರತಿನಿಧಿಗಳು; ಬ್ರೋಕರ್ ಗ್ರಾಹಕರ ಪ್ರತಿನಿಧಿಯೆನಿಸಿದರೂ ಅವರ ಕಮಿಷನ್ ಬರುವುದು ಸಾಮಾನ್ಯವಾಗಿ ಕಂಪನಿಯಿಂದಲೇ. ಅವರಲ್ಲಿ ಪ್ರಾಮಾಣಿಕರು ಅನೇಕರಿದ್ದಾರೆ, ಪ್ರಶ್ನೆ ಪ್ರಾಮಾಣಿಕತೆಯದಲ್ಲ, ವ್ಯವಸ್ಥೆಯದು. ಅಮೆರಿಕದಲ್ಲಿ ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ವಿಮೆಯ ಆಯ್ಕೆಗಳು ಗೋಜಲಾದಾಗ, 1990ರ ಕಾನೂನೊಂದರ ಮೂಲಕ ರಾಜ್ಯ ರಾಜ್ಯಗಳಲ್ಲಿ ಉಚಿತ ವಿಮಾ ಸಲಹಾ ಕಾರ್ಯಕ್ರಮಕ್ಕೆ ಅನುದಾನ ಒದಗಿಸಲಾಯಿತು. ತರಬೇತಿ ಪಡೆದ ಸ್ವಯಂಸೇವಕರೂ ಅಲ್ಲಿ ಸಲಹೆ ಕೊಡುತ್ತಾರೆ, ಯಾವ ಪಾಲಿಸಿಯನ್ನೂ ಮಾರುವುದಿಲ್ಲ. ಭಾರತದ ವಿಮಾ ಓಂಬುಡ್ಸ್‌ಮನ್ ವ್ಯವಸ್ಥೆ (ಅದರ ಕಚೇರಿಯೊಂದು ಬೆಂಗಳೂರಿನಲ್ಲೂ ಇದೆ) ಬೆಲೆಯುಳ್ಳದ್ದೇ, ಆದರೆ ಅದರ ಬಾಗಿಲು ತೆರೆಯುವುದು ವಿವಾದ ಹುಟ್ಟಿದ ಮೇಲೆ.

ಸಲಹೆ ದೊರೆಯಬೇಕಾದ ಕಾಲವೂ ಮುಖ್ಯ. ಕಂಪನಿಯ ಗುಂಪು ವಿಮೆಯಲ್ಲಿದ್ದ ನೌಕರರು ಕೆಲಸದಿಂದ ಬಿಡುಗಡೆಯಾಗುವ ಮುನ್ನವೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಸಂಸ್ಥೆ ಒಪ್ಪಿದರೆ ಈಗಾಗಲೇ ಕಾದ ಅವಧಿ ವ್ಯರ್ಥವಾಗುವುದಿಲ್ಲ. ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ಇದು ಎಷ್ಟೋ ಸಲ ಯಾರ ನೆನಪಿಗೂ ಬರುವುದಿಲ್ಲ.

ಹೀಗಾಗಿ ಈ ಸಂಕಿರಣ ಪರಿಶೀಲಿಸಬೇಕಾದದ್ದು, ಮಾರಾಟದಲ್ಲಿ ಪಾಲಿಲ್ಲದ ಸಲಹಾ ಕೇಂದ್ರವೊಂದು ನಮ್ಮಲ್ಲಿ ಎಲ್ಲಿರಬೇಕು ಎಂಬುದನ್ನು. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರಕ್ಕಾಗಿ ಹೋಗುವ ಬ್ಯಾಂಕು ಅನುಕೂಲವೆನಿಸಿದರೂ, ಬ್ಯಾಂಕುಗಳು ತಾವೇ ವಿಮೆ ಮಾರುವುದರಿಂದ ಅದು ಸಲ್ಲದು. ಉಚಿತ ಕಾನೂನು ನೆರವಿನ ತಾಲ್ಲೂಕು ಸಮಿತಿಗಳ ಮಾದರಿಯಲ್ಲಿ, ನಿವೃತ್ತ ನೌಕರರ ಸಂಘಗಳ ಕಟ್ಟಡದಲ್ಲಿಯೇ ವಾರಕ್ಕೊಂದು ದಿನ ತರಬೇತಿ ಪಡೆದವರು ಕೂರುವಂತಾಗಬೇಕು. ಪಾಲಿಸಿಯ ತಿರುಳನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಅದನ್ನು ಕನ್ನಡದಲ್ಲಿ ಕೇಳಿ ಪಡೆಯುವುದೇ ಅಂಥ ಕೇಂದ್ರದ ಮೊದಲ ದಿನದ ಕೆಲಸವಾಗಬಹುದು.