ವಾರ್ಡ್‌ರೋಬ್ ಮಾಡಿಸೋ ಮುಂಚೆ ಅದನ್ನ ಹಾಳೆ ಮೇಲೆ ಸೀಳಿ ನೋಡಿ

ಪುಣೆ, ಹೈದರಾಬಾದ್, ಚೆನ್ನೈ ಕಡೆ ಫ್ಲ್ಯಾಟ್ ತಗೊಂಡಿರೋ ನಮ್ಮವರು ಇಂಟೀರಿಯರ್ ವಿಷಯ ಬಂದರೆ ಮೊದಲು ತೋರಿಸೋದು ಮೊಬೈಲಿನಲ್ಲಿರೋ ತ್ರೀ-ಡಿ ಚಿತ್ರ. ಚೆನ್ನಾಗೇ ಇರತ್ತೆ. ಆದರೆ ಅದನ್ನ ನೋಡಿ ಬಡಗಿ ಒಂದು ಹಲಗೆಯನ್ನೂ ಕೊಯ್ಯಲಾರ. ಅವನಿಗೆ ಬೇಕಾಗಿರೋದು ಡೀಟೇಲ್: ಯಾವ ಹಲಗೆ ಯಾವುದಕ್ಕೆ ಕೂಡತ್ತೆ, ಎಷ್ಟು ದಪ್ಪ, ಎಲ್ಲಿ ಎಷ್ಟು ಸಂದು. ಇದನ್ನ ಕಲಿಯೋದು ಹೇಗೆ ಅಂತ ಒಂದೇ ಒಂದು ವಾರ್ಡ್‌ರೋಬ್ ಇಟ್ಟುಕೊಂಡು ನೋಡೋಣ.

ಮೊದಲು ಸೆಕ್ಷನ್. ಅಂದರೆ ಕಪಾಟನ್ನ ನಡುಮಧ್ಯೆ ಸೀಳಿ ಪಕ್ಕದಿಂದ ನೋಡಿದ ಹಾಗೆ ಬರೆಯೋದು. ಹ್ಯಾಂಗರಿಗೆ ಹಾಕಿದ ಬಟ್ಟೆ ಸರಾಗವಾಗಿ ಕೂರೋಕೆ ಒಳಗಿನ ಆಳ ಸುಮಾರು 550 ಮಿಲಿಮೀಟರ್ ಇಟ್ಕೊಳ್ಳಿ. ಹಿಂಬದಿ ಪ್ಲೈವುಡ್ 9. ಬಾಗಿಲು 18ರ ಪ್ಲೈವುಡ್ಡು, ಹೊರಗೆ 1, ಒಳಗೆ 0.8 ಲ್ಯಾಮಿನೇಟ್ ಸೇರಿ ಹತ್ತಿರ ಹತ್ತಿರ 20. ಒಟ್ಟು 579. ನಿಮ್ಮ ಹತ್ರ 600 ಇದ್ದರೆ ಉಳಿದಿದ್ದು 21. ಅದನ್ನ ಕಬಳಿಸೋಕೆ ಗೋಡೆಯ ಉಬ್ಬು, ಕೆಳಗಿನ ಸ್ಕರ್ಟಿಂಗ್ ಟೈಲು ಕಾಯ್ತಾ ಇರತ್ತೆ. ಲ್ಯಾಮಿನೇಟಿನ ದಪ್ಪ ಲೆಕ್ಕಕ್ಕೆ ತಗೊಳ್ಳದೆ ಎಲ್ಲಾ ಕಡೆ ಬರೀ 18 ಅಂತ ಬರೆದರೆ ಬಾಗಿಲು ಬಾಗಿಲಿಗೆ ಉಜ್ಜತ್ತೆ.

ಇನ್ನು ಅಗಲ. ಎರಡು ಗೋಡೆ ನಡುವಿನ ಜಾಗ ಅಳೆಯುವಾಗ ಕೆಳಗೆ, ನಡುವೆ, ಮೇಲೆ, ಮೂರು ಕಡೆ ಟೇಪ್ ಹಿಡೀರಿ. 1800, 1794, 1790 ಅಂತ ಬಂದರೆ ಆಶ್ಚರ್ಯ ಪಡಬೇಡಿ, ಗೋಡೆಗಳು ಹಾಗೇ ಇರತ್ತೆ. ಎಲ್ಲಕ್ಕಿಂತ ಚಿಕ್ಕ ಅಳತೆಗಿಂತಲೂ ಸ್ವಲ್ಪ ಕಡಿಮೆ ಮಾಡಿ ಪೆಟ್ಟಿಗೆ ಕಟ್ಟಿಸಿ. ಉಳಿದ ಸಂದನ್ನ ಗೋಡೆಯ ಓರೆಗೆ ತಕ್ಕ ಹಾಗೆ ಕೆತ್ತಿದ ಪಟ್ಟಿಯಿಂದ ಮುಚ್ಚಿಸಿ. ಆ ಪಟ್ಟಿ ಡ್ರಾಯಿಂಗಿನಲ್ಲಿ ಇರಲೇಬೇಕು.

ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ, ಅಂದರೆ 2440ಕ್ಕೆ 1220. ಪಕ್ಕದ ಹಲಗೆ 600 ಅಗಲ ಇದ್ದರೆ ಗರಗಸ ತಿನ್ನೋದನ್ನ ಕಳೆದೂ ಒಂದು ಹಾಳೆಯ ಅಗಲದಲ್ಲಿ ಎರಡು ಸಿಗತ್ತೆ. "ಇನ್ನೊಂಚೂರು ಆಳ ಇರಲಿ" ಅಂತ 620 ಮಾಡಿದಿರೋ, ಒಂದೇ ಸಿಗೋದು. ಪೆನ್ಸಿಲಿನ 20 ಮಿಲಿಮೀಟರ್ ಬಿಲ್ಲಿನಲ್ಲಿ ಎಷ್ಟು ಹಾಳೆ ಆಗತ್ತೆ ಯೋಚನೆ ಮಾಡಿ.

ಡ್ರಾಯರ್ ಇದ್ದರೆ ಇನ್ನೂ ಎಚ್ಚರ. ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್ ಒಂದೊಂದು ಬದಿಗೆ ಸುಮಾರು 13 ತಿನ್ನತ್ತೆ. ಬಾಗಿಲ ಹಿಂದೆ ಡ್ರಾಯರ್ ಇಟ್ಟರೆ, 90 ಡಿಗ್ರಿ ತೆರೆದ ಬಾಗಿಲೂ ಹಿಂಜೂ ದಾರಿಗೆ ಅಡ್ಡ ಬರತ್ತೆ; ಹಿಂಜ್ ಕಡೆ ಒಂದು ಪ್ಯಾಕಿಂಗ್ ಪಟ್ಟಿ ಬೇಕು. ತ್ರೀ-ಡಿ ಚಿತ್ರದಲ್ಲಿ ಇದು ಯಾವತ್ತೂ ಕಾಣಲ್ಲ. ಪ್ಲಾನಿನಲ್ಲಿ ಬಾಗಿಲನ್ನ ತೆರೆದು ಬರೆದಾಗ ಮಾತ್ರ ಕಾಣತ್ತೆ.

ಈಗ ದಾಖಲೆ. ಪ್ಲಾನ್ ಮತ್ತು ಎಲಿವೇಶನ್ 1:20, ಸೆಕ್ಷನ್ 1:10, ಕೂಡುವ ಮೂಲೆಗಳು 1:2, ಜೊತೆಗೆ ಹಾರ್ಡ್‌ವೇರ್ ಪಟ್ಟಿ. ಇಷ್ಟು ಸಾಕು. ಪ್ರತಿ ಹಾಳೆಗೂ ನಂಬರ್, ತಾರೀಖು, ಆರ್-0, ಆರ್-1 ಅಂತ ರಿವಿಶನ್, ಮತ್ತೆ ಏನು ಬದಲಾಯ್ತು ಅನ್ನೋ ಒಂದು ಸಾಲು. ಗಿಟ್ ಬಳಸೋ ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆಫೀಸಿನಲ್ಲಿ ಕಮಿಟ್ ಮೆಸೇಜ್ ಬರೆಯದೆ ಮುಂದೆ ಹೋಗದವರೇ ಮನೆ ವಿಷಯಕ್ಕೆ ವಾಟ್ಸಾಪಿನಲ್ಲಿ "ಭೈಯ್ಯಾ, ಥೋಡಾ ಬಡಾ ಕರ್ ದೋ" ಅಂತ ಕಳಿಸಿ ಮುಗಿಸ್ತೀವಿ. ಎಷ್ಟು ದೊಡ್ಡದು? ಇಂಚಿನಲ್ಲಾ, ಸೂತಿನಲ್ಲಾ? ಬಡಗಿಯ ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, 3 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೊದಲ ದಿನವೇ ಯಾವುದಾದರೂ ಒಂದೇ ಅಳತೆಗೆ ಒಪ್ಪಿಕೊಳ್ಳಿ.

ಇದು ಬರೀ ಅಚ್ಚುಕಟ್ಟಿನ ಪ್ರಶ್ನೆ ಅಲ್ಲ ಕಣ್ರೀ. ಬಾಗಿಲು ತಪ್ಪಾದಾಗ ಮಾಲೀಕ ಕಾಂಟ್ರಾಕ್ಟರನ್ನ ಬೈತಾನೆ, ಕಾಂಟ್ರಾಕ್ಟರ್ ಬಡಗಿಯನ್ನ. ಕಾಗದದ ಮೇಲೆ ಏನೂ ಇಲ್ಲ ಅಂದಾಗ ಕೂಲಿ ಮುರಿದುಕೊಳ್ಳೋದು ಕೊನೆಯವನ ಕೈಯಿಂದಲೇ. ಊರು ಬಿಟ್ಟು ಬಂದು ಅದೇ ಸೈಟಿನಲ್ಲಿ ಮಲಗೋ ಮನುಷ್ಯ ಅವನು. ಊರು ಬಿಟ್ಟು ಬಂದವರು ನಾವೂ ಹೌದು. ನಮ್ಮ ಹತ್ರ ಈ-ಮೇಲ್ ಸಾಕ್ಷಿ ಇರತ್ತೆ, ಅವನ ಹತ್ರ ಇರಲ್ಲ. ತಾರೀಖು ಹಾಕಿ, ಸಹಿ ಮಾಡಿ ಕೊಟ್ಟ ಡ್ರಾಯಿಂಗ್ ನಿಮ್ಮ ದುಡ್ಡನ್ನೂ ಕಾಯತ್ತೆ, ಅವನ ಕೂಲಿಯನ್ನೂ ಕಾಯತ್ತೆ.

ಕಲಿಯೋಕೆ ಸಾಫ್ಟ್‌ವೇರಿಗೆ ಕಾಯಬೇಡಿ. ಈ ಶನಿವಾರ ನೀವಿರೋ ಬಾಡಿಗೆ ಮನೆಯ ಒಂದು ಕಪಾಟು ಖಾಲಿ ಮಾಡಿ, ಟೇಪು, ಗ್ರಾಫ್ ಹಾಳೆ ತಗೊಳ್ಳಿ. ಬಾಗಿಲು ಪೆಟ್ಟಿಗೆಗೆ ಸೇರೋ ಒಂದು ಮೂಲೆಯನ್ನ ನಿಜವಾದ ಅಳತೆಯಲ್ಲೇ ಬರೀರಿ: 18ನ್ನ 18 ಆಗಿಯೇ, 1ನ್ನ 1 ಆಗಿಯೇ. ಹಿಂಜಿನ ಬಟ್ಟಲಿಗೆ 35ರ ತೂತು ಎಲ್ಲಿ ಕೊರೆದಿದ್ದಾರೆ ಅಂತ ಗುರುತು ಹಾಕಿ. ಬರೆಯೋಕೆ ಬರದ ಜಾಗ ಒಂದು ಸಿಕ್ಕೇ ಸಿಗತ್ತೆ. ಅದನ್ನ ತಗೊಂಡು ಹತ್ತಿರದ ಯಾವುದಾದರೂ ಸೈಟಿನ ಬಡಗಿಯನ್ನ ಕೇಳಿ. ಬಿಡುವಿದ್ದರೆ ಖಂಡಿತ ಹೇಳಿಕೊಡ್ತಾರೆ.

ಮುಂದಿನ ಸಲ ಅಡುಗೆಮನೆ ಸಿಂಕಿನ ಕೆಳಗಿನ ಡೀಟೇಲ್ ನೋಡೋಣ.