ಹೊಸ ಎಂಜಿನ್ನಿಗೆ ಕಾವು ಬೇಕು



ದೂರದಲ್ಲಿ ನಿಂತು ರಿಮೋಟ್ ಹಿಡಿದು ಓಡಿಸುವ ಪುಟ್ಟ ಕಾರುಗಳನ್ನು ನೀವು ನೋಡಿರುತ್ತೀರಿ. ಹೆಚ್ಚಿನವು ಬ್ಯಾಟರಿಯವು. ಆದರೆ ಈ ಹವ್ಯಾಸದವರಲ್ಲಿ ಕೆಲವರು ಪ್ರಾಣದಂತೆ ಕಾಪಾಡಿಕೊಳ್ಳುವ ಇನ್ನೊಂದು ಬಗೆಯಿದೆ. ಅದರೊಳಗೆ ನಿಜವಾದ ಎಂಜಿನ್ನೇ ಇರುತ್ತದೆ. ಇಂಧನ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಬೀದಿಯ ಆ ತುದಿಗೂ ಕೇಳುವಂತೆ ಕೂಗುತ್ತದೆ. ಅಸಲಿ ಗಾಡಿಯ ಎಂಟನೇ ಒಂದರಷ್ಟು ಅಳತೆಯ ಬಗ್ಗಿ ಕಾರಿಗೆ ಹಾಕುವ ಎಂಜಿನ್ನಿನ ಗಾತ್ರ ಸಾಮಾನ್ಯವಾಗಿ 3.5 ಸಿಸಿ. ಅಂಗೈಯಲ್ಲಿ ಇಟ್ಟುಕೊಳ್ಳಬಹುದು. ಓಟದ ಭರದಲ್ಲಿ ಅದು ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ಇದನ್ನು ನೈಟ್ರೋ ಎಂಜಿನ್ ಎನ್ನುತ್ತಾರೆ. ಇಂಥದ್ದೊಂದನ್ನು ಹೊಸದಾಗಿ ತಂದಾಗ ಅದನ್ನು ಪಳಗಿಸುವ ಬಗೆಯನ್ನು ಕುರಿತು ಈ ಬೆಳಿಗ್ಗೆ ನಾಲ್ಕು ಮಾತು.

ಇದಕ್ಕೆ ಹಾಕುವುದು ಪೆಟ್ರೋಲನ್ನಲ್ಲ. ಮೆಥನಾಲ್, ನೈಟ್ರೋಮೀಥೇನ್, ಜೊತೆಗೆ ಎಣ್ಣೆ. ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆ ಜಾಗವಿಲ್ಲ, ಇಂಧನದಲ್ಲೇ ಬೆರೆತು ಬರಬೇಕು. ಆ ಎಣ್ಣೆಯಲ್ಲಿ ಅನೇಕ ಸಲ ನಮ್ಮ ಹರಳೆಣ್ಣೆಯೂ ಇರುತ್ತದೆ! ಮಗುವಿನ ನೆತ್ತಿಗೆ ಅಜ್ಜಿ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಬಿಸಿ ಏರಿದರೂ ಲೋಹವನ್ನು ಬಿಡದೆ ಅಂಟಿಕೊಂಡಿರುವ ಗುಣ ಅದಕ್ಕಿದೆ. ಜಗತ್ತಿಗೆ ಹರಳೆಣ್ಣೆ ಒದಗಿಸುವುದರಲ್ಲಿ ಭಾರತವೇ ಮೊದಲು ಎಂಬುದನ್ನು ನೆನೆದರೆ, ಜಪಾನಿನಲ್ಲೋ ಇಟಲಿಯಲ್ಲೋ ಓಡುವ ಪುಟ್ಟ ಕಾರಿನ ಹೊಗೆಯಲ್ಲಿ ನಮ್ಮ ಹೊಲದ ವಾಸನೆಯೂ ಇದ್ದೀತು.

ಕಿಡಿ ಹಾರಿಸುವ ಏರ್ಪಾಡೂ ಇಲ್ಲಿಲ್ಲ. ಗ್ಲೋ ಪ್ಲಗ್ ಒಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿಯಿದೆ. ಶುರುವಿಗೆ ಮಾತ್ರ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತಾರೆ. ಆಮೇಲೆ ಮೆಥನಾಲ್ ಆವಿ ತಾಗಿದಾಗಲೆಲ್ಲ ಅದು ತಾನಾಗಿಯೇ ಉರಿಯನ್ನು ಉಳಿಸಿಕೊಳ್ಳುತ್ತದೆ. 1947ರಲ್ಲಿ ಅಮೆರಿಕದ ರೇ ಆರ್ಡನ್ ಇದನ್ನು ಮಾರುಕಟ್ಟೆಗೆ ತಂದ ಮೇಲೆ, ಮಾದರಿ ವಿಮಾನಗಳ ಎಂಜಿನ್ನುಗಳು ಕಿಡಿ ಹಾರಿಸಲು ಹೊರಬೇಕಿದ್ದ ಕಾಯಿಲ್, ಬ್ಯಾಟರಿಗಳ ಭಾರ ಇಳಿಸಿ ಹಗುರಾದವು.

ಇನ್ನು ಮುಖ್ಯ ಸಂಗತಿಗೆ ಬರೋಣ. ಈ ಎಂಜಿನ್ನಿನ ಪಿಸ್ಟನ್ನಿಗೆ ರಿಂಗ್ ಇಲ್ಲ. ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ ಪಿಸ್ಟನ್, ಅದರ ಸುತ್ತ ಒಳಮೈಗೆ ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವ್. ಇವೆರಡರ ನಡುವಿನ ಬಿಗಿಯೇ ಎಂಜಿನ್ನಿನ ಬಲ. ಸ್ಲೀವನ್ನು ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗಿ ಕಡೆದಿರುತ್ತಾರೆ. ಹಾಗಾಗಿ ತಣ್ಣಗಿರುವ ಹೊಸ ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಕಚ್ಚಿಕೊಂಡು ನಿಂತುಬಿಡುತ್ತದೆ. ಮೊದಲ ಸಲ ಕೊಂಡವರು ಎಂಜಿನ್ ಜಾಮ್ ಆಗಿದೆ ಎಂದೇ ಗಾಬರಿಪಡುತ್ತಾರೆ. ಕೆಟ್ಟದ್ದೇನೂ ಆಗಿಲ್ಲ. ಎಂಜಿನ್ ಬಿಸಿಯಾದಾಗ ಮೇಲ್ಭಾಗಕ್ಕೇ ಹೆಚ್ಚು ಶಾಖ ತಗಲುತ್ತದೆ, ಅಲ್ಲಿ ಹಿತ್ತಾಳೆ ಹಿಗ್ಗುತ್ತದೆ, ಆಗ ಪಿಸ್ಟನ್ನಿಗೆ ಬೇಕಾದಷ್ಟೇ ದಾರಿ ಬಿಡುತ್ತದೆ. ಕಾವಿನಲ್ಲಿ ಹೊಂದಿಕೊಳ್ಳಲೆಂದೇ ಮಾಡಿದ ಜೋಡಿ ಅದು.

ಹೊಸ ಎಂಜಿನ್ನನ್ನು ಹಾಳು ಮಾಡುವವರಲ್ಲಿ ಎರಡು ಬಗೆ. ತಂದ ದಿನವೇ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸುವ ಆತುರದವರು ಒಂದು ಬಗೆ. ಅವರ ವಿಷಯ ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಸಂಕಟವಾಗುವುದು ಎರಡನೆಯವರನ್ನು ಕಂಡಾಗ, ಏಕೆಂದರೆ ಅವರು ಪ್ರೀತಿಯಿಂದಲೇ ಕೆಡಿಸುತ್ತಾರೆ. ಹೊಸದು, ಬಿಸಿಯಾಗಬಾರದು ಎಂದು ಕಾರ್ಬ್ಯುರೇಟರಿನ ನೀಡಲ್ ಬಿಚ್ಚಿ ಇಂಧನವನ್ನು ಅತಿಯಾಗಿ ಹರಿಸುತ್ತಾರೆ. ಮೆಥನಾಲ್ ಆವಿಯಾಗುವಾಗ ಶಾಖ ಹೀರುವುದರಿಂದ ಎಂಜಿನ್ ತಣ್ಣಗೇ ಉಳಿಯುತ್ತದೆ. ಸ್ಲೀವ್ ಹಿಗ್ಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಆ ಇಕ್ಕಟ್ಟಿಗೆ ಉಜ್ಜಿಕೊಂಡೇ ಹಾಯಬೇಕು, ಪ್ರತಿ ಸಲವೂ ಕನೆಕ್ಟಿಂಗ್ ರಾಡ್ ಅದನ್ನು ಜಗ್ಗಿ ಎಳೆಯಬೇಕು. ಹೀಗೆ ಗಂಟೆಗಟ್ಟಲೆ ಜೋಪಾನ ಮಾಡಿದರೆ, ಮುಂದೆ ವರ್ಷಗಟ್ಟಲೆ ಬರಬೇಕಿದ್ದ ಬಿಗಿ ಆರಂಭದಲ್ಲೇ ಸವೆದುಹೋಗುತ್ತದೆ.

ಒಳ್ಳೆಯ ಸಂಗೀತದ ಗುರು ಹೊಸ ಶಿಷ್ಯನನ್ನು ಸದಾ ಮಂದ್ರದಲ್ಲೇ ಕೂರಿಸುವುದಿಲ್ಲ. ಒಂದು ಗಳಿಗೆ ತಾರಕ್ಕೆ ಏರಿಸಿ, ಕೊರಳು ಬಳಲುವ ಮೊದಲೇ ಇಳಿಸಿ, ಸುಧಾರಿಸಿಕೊಳ್ಳಲು ಬಿಡುತ್ತಾರೆ. ಬಲ್ಲವರು ಎಂಜಿನ್ನಿಗೆ ಮಾಡುವುದೂ ಇದನ್ನೇ. ಮೊದಲು ಹೇರ್ ಡ್ರೈಯರಿನಿಂದ ಎಂಜಿನ್ನಿನ ತಲೆಯನ್ನು ಚೆನ್ನಾಗಿ ಕಾಯಿಸುತ್ತಾರೆ. ಆಮೇಲೆಯೇ ಸ್ಟಾರ್ಟ್. ಇಂಧನ ಹದಕ್ಕಿಂತ ತುಸು ಹೆಚ್ಚೇ ಇರಲಿ, ಎಣ್ಣೆ ಸಿಗಬೇಕಲ್ಲ. ಆದರೆ ತಲೆಯ ಬಿಸಿ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಏರದಿದ್ದರೆ ಗಾಳಿ ತಗಲದಂತೆ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತುವವರೂ ಇದ್ದಾರೆ. ಕೆಲವು ನಿಮಿಷ ಹದವಾಗಿ ಓಡಿಸಿ, ನಿಲ್ಲಿಸಿ, ಪಿಸ್ಟನ್ನನ್ನು ಕೆಳಗೆ ತಂದಿಟ್ಟು ಪೂರ್ತಿ ಆರಲು ಬಿಡುತ್ತಾರೆ. ಮೇಲೆಯೇ ಬಿಟ್ಟರೆ ಆರುವ ಸ್ಲೀವ್ ಕುಗ್ಗಿ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಮತ್ತೆ ಕಾವು, ಮತ್ತೆ ವಿಶ್ರಾಂತಿ. ಹೀಗೆ ಐದಾರು ಟ್ಯಾಂಕ್ ಇಂಧನ ಮುಗಿಯುವ ಹೊತ್ತಿಗೆ ನೀಡಲನ್ನು ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ, ವೇಗ ಏರಿಸುತ್ತ ಹೋಗುತ್ತಾರೆ.

ಮೈಸೂರಿನ ಹಿರಿಯರಿಗೆ ಇದೆಲ್ಲ ತೀರ ಅಪರಿಚಿತವೇನಲ್ಲ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಬೈಕುಗಳೂ ಈ ಪುಟ್ಟ ಎಂಜಿನ್ನಿನಂತೆ ಟೂ ಸ್ಟ್ರೋಕ್ ಗಾಡಿಗಳೇ. ಪೆಟ್ರೋಲಿಗೆ ಎಣ್ಣೆ ಬೆರೆಸಿ, ಹೊಸ ಗಾಡಿಯನ್ನು ಮೊದಮೊದಲು ಹದದ ವೇಗದಲ್ಲಿ ಓಡಿಸಿದವರು ಈಗಲೂ ಆ ಊರಿನಲ್ಲಿದ್ದಾರೆ. ಕಾರ್ಖಾನೆ ಎಷ್ಟೇ ನಯವಾಗಿ ಕಡೆದುಕೊಟ್ಟರೂ ಎರಡು ಲೋಹಗಳ ಕೊನೆಯ ಹೊಂದಾಣಿಕೆ ಓಟದಲ್ಲೇ ಆಗಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಳಗಿದ ಮೇಲೂ ತಣ್ಣಗಿರುವ ಎಂಜಿನ್ನನ್ನು ತಿರುಗಿಸಿದಾಗ ಮೇಲೆ ಒಂದಿಷ್ಟು ಬಿಗಿ ಕೈಗೆ ತಿಳಿಯಬೇಕು. ಅದು ಆರೋಗ್ಯದ ಗುರುತು. ದಿನದ ಓಟ ಮುಗಿದಾಗ ಉಳಿದ ಇಂಧನವನ್ನು ಖಾಲಿ ಮಾಡಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ತಿರುಗಿಸಿಡುವುದನ್ನು ಮಾತ್ರ ಮರೆಯಬಾರದು. ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯಲು ಅಷ್ಟು ಸಾಕು.